ನಿಕ್ಷೇಪ ಮತ್ತು ಉಪನಿಧಿ: ಸರಕಾರದ ಸ್ವಾಧೀನದಲ್ಲಿರುವ ಕಲಾಸಂಪತ್ತಿನ ಪಾಲನೆ

ಒಬ್ಬನು ಮತ್ತೊಬ್ಬನಲ್ಲಿ ನಂಬಿಕೆಯಿಂದ ಇರಿಸುವ ಒಡವೆಯನ್ನು ನಮ್ಮ ಧರ್ಮಶಾಸ್ತ್ರಕಾರರು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಎದುರಿಗೆ ತೋರಿಸಿ, ಎಣಿಸಿ, ಗುರುತು ಹೇಳಿ ಒಪ್ಪಿಸಿದ್ದು ನಿಕ್ಷೇಪ. ಪೆಟ್ಟಿಗೆಯೊಳಗಿಟ್ಟು ಮುದ್ರೆಯೊತ್ತಿ, ಒಳಗೆ ಏನಿದೆ, ಎಷ್ಟಿದೆ ಎಂಬುದನ್ನು ತಿಳಿಸದೆ ಒಪ್ಪಿಸಿದ್ದು ಉಪನಿಧಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ನಾರದನ ಮಾತನ್ನು ಆಧಾರವಾಗಿಟ್ಟುಕೊಂಡು ಈ ಭೇದವನ್ನು ವಿಶದಪಡಿಸಿದ್ದಾನೆ. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವು ಮುಂದೆ ಭರತಖಂಡದ ಬಹುಭಾಗಕ್ಕೆ ವ್ಯವಹಾರಧರ್ಮವನ್ನು ತಿಳಿಸಿಕೊಟ್ಟಿತೆಂಬುದು ವಾಚಕರಿಗೆ ವಿದಿತವಾದ ಸಂಗತಿಯೇ ಆಗಿದೆ.

ಪ್ರಜೆಗಳ ಪರವಾಗಿ ಸರಕಾರವು ತನ್ನ ಸ್ವಾಧೀನದಲ್ಲಿ ಇರಿಸಿಕೊಂಡಿರುವ ಚಿತ್ರಗಳು, ಶಿಲ್ಪಗಳು, ಹಸ್ತಪ್ರತಿಗಳು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರಬೇಕು? ನಿಕ್ಷೇಪದ ವರ್ಗಕ್ಕೆ ಸೇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ದೇಶದಲ್ಲಿ ಅವುಗಳಲ್ಲಿ ಬಹಳಷ್ಟು ಉಪನಿಧಿಯಂತೆಯೇ ಉಳಿದುಬಂದಿವೆ. ಬೀಗವಿದೆ, ಮುದ್ರೆಯಿದೆ, ಕಾವಲುಗಾರನಿದ್ದಾನೆ. ಒಳಗೆ ಏನಿದೆಯೆಂಬ ಪ್ರಶ್ನೆಗೆ ಮಾತ್ರ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಕಲಾಸಂಪತ್ತಿನ ಸಂರಕ್ಷಣೆಯೆಂದೊಡನೆ ರಸಾಯನಶಾಸ್ತ್ರವೂ ಬೆಲೆಬಾಳುವ ಯಂತ್ರಗಳೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಅವೆಲ್ಲಕ್ಕೂ ಮೊದಲಿನ ಹೆಜ್ಜೆ ಎಣಿಕೆ. ಎಣಿಸದ ವಸ್ತುವನ್ನು ಕಾಪಾಡಲಾಗದು. ಕಳೆದುಹೋದರೆ ಕಳೆದುಹೋಯಿತೆಂದು ಹೇಳುವುದಕ್ಕೂ ಆಗದು.

ವಾನಳ್ಳಿಯ ಕಡೆಯ ಅಡಕೆ ತೋಟದ ಅಂಚಿನಲ್ಲಿ ಕುಳಿತವರು ಬೆಂಗಳೂರಿನ ಚಿತ್ರಶಾಲೆಯ ಚಿಂತೆಯನ್ನೇಕೆ ಹೊರಬೇಕೆಂದು ಯಾರಾದರೂ ಕೇಳಬಹುದು. ಆ ಚಿತ್ರಶಾಲೆಯಲ್ಲಿ ಬೆಂಗಳೂರಿನವರಿಗೆ ಎಷ್ಟು ಪಾಲಿದೆಯೋ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳವರಿಗೂ ಅಷ್ಟೇ ಪಾಲಿದೆ ಎಂಬುದು ಒಂದು ಉತ್ತರ. ಕಲಾವಸ್ತುಗಳಿಗೆ ಪರಮಶತ್ರುವಾದ ತೇವವನ್ನು ನಮ್ಮ ಮಲೆನಾಡಿನ ಗೃಹಸ್ಥರು ತಲೆಮಾರುಗಳಿಂದ ಬಲ್ಲರು ಎಂಬುದು ಇನ್ನೊಂದು ಉತ್ತರ. ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೊದಲೇ ಮಣ್ಣಿನ ಗೋಡೆಗೆ ಅಡಕೆಯ ಸೋಗೆಯನ್ನು ಕಟ್ಟಿ ಎರಚಲಿನಿಂದ ಕಾಯುವುದು, ಕಾಗದಪತ್ರಗಳನ್ನೂ ತಾಳೆಗರಿಯ ಕಟ್ಟುಗಳನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಗಲುವಂತೆ ಇರಿಸಿ ಹುಳುಹುಪ್ಪಟೆಗಳನ್ನು ದೂರವಿಡುವುದು, ಆಶ್ವಯುಜದಲ್ಲಿ ಬಿಸಿಲು ಬಿದ್ದೊಡನೆ ಪೆಟ್ಟಿಗೆಗಳನ್ನು ತೆರೆದು ಗಾಳಿಗೊಡ್ಡುವುದು, ಇವೆಲ್ಲ ನಮ್ಮ ಹಿರಿಯರ ಸಂರಕ್ಷಣಾಶಾಸ್ತ್ರ. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಮೇಲೆಂದು ಇಂದಿನ ವಸ್ತುಸಂಗ್ರಹಾಲಯಗಳ ತಜ್ಞರು ಹೇಳುವ ಮಾತಿಗೂ ನಮ್ಮ ಸೋಗೆಯ ತಟ್ಟಿಗೂ ತತ್ತ್ವದಲ್ಲಿ ಅಂತರವಿಲ್ಲ.

ಇನ್ನು ಪ್ರಸ್ತುತಕ್ಕೆ ಬರೋಣ. ಕರ್ನಾಟಕ ಸರಕಾರದ ಸ್ವಾಧೀನದಲ್ಲಿರುವ ಆಧುನಿಕ ಕಲಾಸಂಗ್ರಹಗಳಲ್ಲಿ ಪ್ರಮುಖವಾದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆ. ೧೮೬೫ರಲ್ಲಿ ಸ್ಥಾಪಿತವಾದ ಸರಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ ಇದಿದೆ. ಇದಕ್ಕೆ ಹೆಸರು ಕೊಟ್ಟ ಕೆ. ವೆಂಕಟಪ್ಪನವರು ೧೮೮೬ರಲ್ಲಿ ಮೈಸೂರಿನ ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ೧೯೦೯ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲಕತ್ತೆಯ ಕಲಾಶಾಲೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹೆಸರಿನಲ್ಲಿ ೧೯೧೩ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ ಅವರೂ ಒಬ್ಬರು. ಮೈಸೂರಿಗೆ ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸವನ್ನು ಕೈಗೊಂಡು, ಕುಂಚ ಮತ್ತು ವೀಣೆಗಳೆರಡನ್ನೂ ಒಂದೇ ನಿಷ್ಠೆಯಿಂದ ಸೇವಿಸಿದರು. ಊಟಿ ಮತ್ತು ಕೊಡೈಕೆನಾಲುಗಳ ಬೆಟ್ಟ, ಮಂಜು, ಸಂಜೆಗಳನ್ನು ಕುರಿತ ಅವರ ಜಲವರ್ಣ ಚಿತ್ರಗಳೂ ಗಾರೆಯಲ್ಲಿ ರಚಿಸಿದ ಉಬ್ಬುಶಿಲ್ಪಗಳೂ ಅವರ ಕೀರ್ತಿಗೆ ಆಧಾರವಾದ ಕೃತಿಗಳು.

ಕಲೆಯ ವಿಷಯದಲ್ಲಿ ವೆಂಕಟಪ್ಪನವರು ಕಟ್ಟುನಿಟ್ಟಿನ ಮನುಷ್ಯ. ದಿನಚರಿಯನ್ನು ತಪ್ಪದೆ ಬರೆಯುತ್ತಿದ್ದರು. ತಮಗೆ ಅನ್ಯಾಯವಾಯಿತೆಂದು ತೋರಿದಾಗ ಪ್ರಭುತ್ವದ ಎದುರಿಗೂ ನ್ಯಾಯಾಲಯದ ಮೆಟ್ಟಿಲೇರಲು ಹಿಂಜರಿದವರಲ್ಲ. ೧೯೬೫ರಲ್ಲಿ ಅವರು ತೀರಿಕೊಂಡ ತರುವಾಯ, ಹೀಗೆ ಲೆಕ್ಕಾಚಾರದಲ್ಲಿ ನಿಷ್ಠುರರಾಗಿದ್ದ ಈ ಬ್ರಹ್ಮಚಾರಿಯ ಜೀವಮಾನದ ಕೃತಿಗಳು ಸರಕಾರದ ಪಾಲನೆಗೆ ಬಂದವು. ಅವುಗಳಿಗಾಗಿಯೇ ಕಟ್ಟಿದ ಚಿತ್ರಶಾಲೆ ೧೯೭೦ರ ದಶಕದಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮುಂದೆ ಕೆ. ಕೆ. ಹೆಬ್ಬಾರರ ಕೃತಿಗಳೂ ಅಲ್ಲಿ ಸೇರಿಕೊಂಡವು. ಕಟ್ಟಡದ ಒಂದು ಭಾಗವನ್ನು ನಾಡಿನ ಕಲಾವಿದರು ಅಲ್ಪ ಬಾಡಿಗೆಗೆ ಪಡೆದು ತಮ್ಮ ಕೃತಿಗಳನ್ನು ಪ್ರದರ್ಶಿಸುವ ಪದ್ಧತಿಯೂ ಬೆಳೆದುಬಂತು. ಹಳ್ಳಿಗಳಿಂದ ಬಂದು ಬೆಂಗಳೂರಿನಲ್ಲಿ ಚಿತ್ರ ಕಲಿತ ಎಷ್ಟೋ ತರುಣರ ಮೊದಲ ಪ್ರದರ್ಶನ ನಡೆದದ್ದು ಅಲ್ಲಿಯೇ.

ಇಂಥ ಸಂಗ್ರಹವನ್ನು ಪಾಲಿಸುವುದೆಂದರೆ ದಿನನಿತ್ಯದಲ್ಲಿ ಮಾಡಬೇಕಾದ ಕೆಲಸವೇನು? ಜಲವರ್ಣ ಚಿತ್ರವನ್ನೇ ತೆಗೆದುಕೊಳ್ಳೋಣ. ಅದರ ಶತ್ರು ಬೆಳಕು. ಬೆಳಕು ಬಣ್ಣವನ್ನು ತಿನ್ನುತ್ತದೆ, ಕಾಗದವನ್ನು ಹಳದಿಯಾಗಿಸುತ್ತದೆ. ತಿಂದ ಬಣ್ಣವನ್ನು ಯಾವ ಚಿಕಿತ್ಸೆಯೂ ಮರಳಿ ತರಲಾರದು. ಈ ಹಾನಿ ಬೆಳಕಿನ ಪ್ರಖರತೆಯನ್ನು ಅವಲಂಬಿಸಿರುವಂತೆ ಕಾಲವನ್ನೂ ಅವಲಂಬಿಸಿದೆ. ಮಂದವಾದ ಬೆಳಕಿನಲ್ಲಿ ಹತ್ತು ಗಂಟೆ ಇಟ್ಟದ್ದಕ್ಕೂ ಅದರ ಹತ್ತುಪಟ್ಟು ಬೆಳಕಿನಲ್ಲಿ ಒಂದು ಗಂಟೆ ಇಟ್ಟದ್ದಕ್ಕೂ ಹಾನಿ ಸರಿಸುಮಾರು ಒಂದೇ. ಆದಕಾರಣ ಜಲವರ್ಣಗಳಿಗೆ ೫೦ ಲಕ್ಸ್ ಮೀರದ ಬೆಳಕು ಸಾಕೆಂದೂ, ಅದರಲ್ಲಿಯೂ ಒಂದೇ ಚಿತ್ರವನ್ನು ವರ್ಷವಿಡೀ ಗೋಡೆಯಲ್ಲಿಡದೆ ಕೆಲವು ತಿಂಗಳು ಪ್ರದರ್ಶಿಸಿ ಮತ್ತೆ ಕತ್ತಲಿನ ವಿಶ್ರಾಂತಿ ಕೊಡಬೇಕೆಂದೂ ತಜ್ಞರು ನಿಯಮಿಸಿದ್ದಾರೆ. ೫೦ ಲಕ್ಸ್ ಎಂದರೆ ಬಹಳ ಮಂದ ಬೆಳಕು. ಹಗಲಿನಲ್ಲಿ ಕಿಟಕಿಯ ಬಳಿ ಕುಳಿತು ಓದುವಾಗ ನಮಗೆ ದೊರೆಯುವ ಬೆಳಕು ಇದರ ಹಲವು ಪಟ್ಟು. ಚಿತ್ರಶಾಲೆಗೆ ಹೋದವರು ಕೊಠಡಿ ಮಬ್ಬಾಗಿದೆಯೆಂದು ಗೊಣಗುವುದನ್ನು ಕೇಳಿದ್ದೇನೆ. ಬೆಳಕಿಗೆ ಬಾಡುವ ಕೃತಿಗಳಿರುವಲ್ಲಿ ಆ ಮಬ್ಬೇ ಪಾಲನೆ.

ಗಾರೆಯ ಉಬ್ಬುಶಿಲ್ಪದ ಪ್ರಕೃತಿ ಬೇರೆ. ಬೆಳಕು ಅದಕ್ಕೆ ಬಾಧಕವಲ್ಲ, ನೀರು ಬಾಧಕ. ಜಿಪ್ಸಮ್ಮಿನ ಗಾರೆ ಅಲ್ಪಪ್ರಮಾಣದಲ್ಲಿ ನೀರಿನಲ್ಲಿ ಕರಗುವ ವಸ್ತು. ತೇವವಾದ ಗೋಡೆಗೆ ತಗುಲಿಸಿದರೆ ಒಳಗಿನಿಂದ ತೇವವನ್ನು ಹೀರಿಕೊಂಡು ಮೇಲ್ಮೈ ಪುಡಿಪುಡಿಯಾಗುತ್ತದೆ. ಒಳಗೆ ಕಬ್ಬಿಣದ ಮೊಳೆಯಿದ್ದರಂತೂ ಅದು ತುಕ್ಕು ಹಿಡಿದು ಉಬ್ಬಿ ಗಾರೆಯನ್ನೇ ಸೀಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವ ಸದುದ್ದೇಶದ ಕೈಯೂ ಅದಕ್ಕೆ ಅಪಾಯಕರ. ಒಂದೇ ಕಲಾವಿದನ ಕೃತಿಗಳಾದರೂ ಒಂದಕ್ಕೆ ಕತ್ತಲು ಬೇಕು, ಇನ್ನೊಂದಕ್ಕೆ ಒಣ ಗೋಡೆ ಬೇಕು. ಎರಡಕ್ಕೂ ಬೇಕಾದದ್ದು ಏರಿಳಿತವಿಲ್ಲದ ಹವೆ. ಗಾಳಿಯ ತೇವಾಂಶ ಶೇಕಡಾ ೫೦ರ ಆಸುಪಾಸಿನಲ್ಲಿರಬೇಕೆಂಬುದು ಶೀತದೇಶಗಳಲ್ಲಿ ಹುಟ್ಟಿದ ನಿಯಮ. ನಮ್ಮ ಹವೆಯಲ್ಲಿ ಅದನ್ನು ಅಕ್ಷರಶಃ ಸಾಧಿಸುವುದು ಕಷ್ಟ. ಹಗಲು ಶೀತಯಂತ್ರವನ್ನು ನಡೆಸಿ ಸಂಜೆ ಕಚೇರಿ ಮುಚ್ಚುವಾಗ ಅದನ್ನೂ ನಿಲ್ಲಿಸಿ ಹೋಗುವ ಪದ್ಧತಿಗಿಂತ, ಯಂತ್ರವೇ ಇಲ್ಲದೆ ಒಂದೇ ಸಮನಾದ ಹವೆಯಲ್ಲಿರುವ ದಪ್ಪಗೋಡೆಯ ಹಳೆಯ ಕೊಠಡಿ ಎಷ್ಟೋ ವಾಸಿ. ದಿನಕ್ಕೆರಡು ಬಾರಿ ಹಿಗ್ಗಿ ಕುಗ್ಗುವ ಕಾಗದವೂ ಮರದ ಚೌಕಟ್ಟೂ ಬಹುಕಾಲ ಬಾಳಲಾರವು.

ಇದೆಲ್ಲವೂ ವಸ್ತುವಿನ ಪಾಲನೆ. ವಸ್ತು ಯಾವುದೆಂದು ತಿಳಿಸುವ ಪುಸ್ತಕದ ಪಾಲನೆ ಇದಕ್ಕಿಂತ ಮುಖ್ಯ. ವಸ್ತುಸಂಗ್ರಹಾಲಯಗಳಲ್ಲಿ ಅದನ್ನು ಪ್ರವೇಶಪಂಜಿ ಎನ್ನಬಹುದು. ಸಂಗ್ರಹಕ್ಕೆ ಸೇರಿದ ಪ್ರತಿಯೊಂದು ಕೃತಿಗೂ ಅದರಲ್ಲಿ ಒಂದು ಕ್ರಮಾಂಕ; ಒಮ್ಮೆ ಕೊಟ್ಟ ಕ್ರಮಾಂಕವನ್ನು ಕೃತಿ ನಷ್ಟವಾದರೂ ಮತ್ತೊಂದಕ್ಕೆ ಕೊಡಕೂಡದು. ಕರ್ತೃ, ದ್ರವ್ಯ, ಅಳತೆ, ಯಾರಿಂದ ಬಂತು, ಎಂದು ಬಂತು, ಬಂದಾಗ ಯಾವ ಸ್ಥಿತಿಯಲ್ಲಿತ್ತು, ಈಗ ಎಲ್ಲಿದೆ ಎಂಬ ವಿವರಗಳು, ಜೊತೆಗೊಂದು ಛಾಯಾಚಿತ್ರ. ಪಂಜಿಯ ಒಂದು ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು. ೨೦೧೬ರ ಏಪ್ರಿಲಿನಲ್ಲಿ ದೆಹಲಿಯ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ಸಂಗ್ರಹಾಲಯವೂ ೨೦೧೮ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ ದೇಶದ ರಾಷ್ಟ್ರೀಯ ಸಂಗ್ರಹಾಲಯವೂ ಬೆಂಕಿಗೆ ಆಹುತಿಯಾದುದನ್ನು ಬಲ್ಲವರಿಗೆ ಈ ಎರಡನೆಯ ಪ್ರತಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಶಾಲೆ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ 'ಡೆಡ್ ಸ್ಟಾಕ್ ರಿಜಿಸ್ಟರ್' ಎಂಬ ದಪ್ಪ ಪುಸ್ತಕದ ಪರಿಚಯವಿದೆ. ಬೆಂಚು, ಮೇಜು, ಗಡಿಯಾರ, ನೀರಿನ ಹಂಡೆ ಇವುಗಳ ಸಾಲಿನಲ್ಲೇ 'ಗೋಡೆಯ ಚಿತ್ರ, ಚೌಕಟ್ಟು ಸಹಿತ, ಒಂದು' ಎಂದು ಬರೆದರೆ ಲೆಕ್ಕಪರಿಶೋಧಕರಿಗೆ ತೃಪ್ತಿಯಾಗುತ್ತದೆ. ಚೌಕಟ್ಟಿನೊಳಗೆ ಯಾರ ಚಿತ್ರವಿದೆಯೆಂಬುದು ಅವರ ವಿಚಾರವಲ್ಲ. ಇಂಥ ದಾಖಲೆಯಿಂದ ಆಗುವ ಅನರ್ಥವನ್ನು ಊಹಿಸಿಕೊಳ್ಳಬಹುದು. ಒಂದು ಚಿತ್ರವನ್ನು ತೆಗೆದು ಮತ್ತೊಂದನ್ನು ಇಟ್ಟರೂ ಲೆಕ್ಕ ಸರಿಹೋಗುತ್ತದೆ. ಮಸುಕಾದ ಚಿತ್ರವನ್ನು ನಿರುಪಯುಕ್ತ ಸಾಮಗ್ರಿಯೆಂದು ಮುರಿದ ಕುರ್ಚಿಗಳ ಜೊತೆಯಲ್ಲಿ ಹರಾಜು ಹಾಕಿದರೂ ನಿಯಮದ ಉಲ್ಲಂಘನೆಯಾಗುವುದಿಲ್ಲ. ಬ್ರಿಟನ್ನಿನಲ್ಲಿ ೧೮೯೯ರಿಂದ ಸರಕಾರಿ ಕಲಾಸಂಗ್ರಹವೆಂಬ ಪ್ರತ್ಯೇಕ ವಿಭಾಗವೇ ಇದೆ. ಅದರ ಕೃತಿಗಳು ಮಂತ್ರಿಗಳ ಕಚೇರಿಗಳಲ್ಲಿಯೂ ಪರದೇಶಗಳ ರಾಯಭಾರ ಭವನಗಳಲ್ಲಿಯೂ ತೂಗುತ್ತವೆ. ಅವು ಆ ಕಚೇರಿಯ ಸೊತ್ತಲ್ಲ, ಸಂಗ್ರಹದಿಂದ ಕಳುಹಿಸಿಕೊಟ್ಟ ಎರವಲು ವಸ್ತುಗಳು. ಕುರ್ಚಿಯಲ್ಲಿ ಕೂರುವವರು ಬದಲಾದರೂ ಚಿತ್ರದ ಲೆಕ್ಕ ಸಂಗ್ರಹದಲ್ಲೇ ಉಳಿಯುತ್ತದೆ. ಆಂಗ್ಲರಿಂದ ನಾವು ಅನುಕರಿಸಿದ ಸಂಗತಿಗಳು ಬಹಳ. ಇದನ್ನೂ ಅನುಕರಿಸಿದ್ದರೆ ನಷ್ಟವಿರಲಿಲ್ಲ.

ನಮ್ಮಲ್ಲಿ ಇನ್ನೊಂದು ವಿಚಿತ್ರವಾದ ತೊಡಕಿದೆ. ವಸ್ತು ಕಳೆದುಹೋದರೆ ಉಗ್ರಾಣಿಕನೇ ಹೊಣೆ. ವಸ್ತು ಕೆಟ್ಟುಹೋದರೆ ಯಾರೂ ಹೊಣೆಯಲ್ಲ. ಈ ನಿಯಮದ ಸಹಜ ಪರಿಣಾಮವೆಂದರೆ ಉಗ್ರಾಣಿಕನು ಬಾಗಿಲನ್ನೇ ತೆರೆಯುವುದಿಲ್ಲ. ಗಾಳಿಯಾಡದ ಕೊಠಡಿಯಲ್ಲಿ ಬೂಷ್ಟು ಬೆಳೆಯುತ್ತದೆ, ಗೆದ್ದಲು ಚೌಕಟ್ಟನ್ನು ಹಿಡಿಯುತ್ತದೆ, ಬೀಗ ಮಾತ್ರ ಭದ್ರವಾಗಿರುತ್ತದೆ. ಪಾಪ, ಅವನನ್ನು ದೂರಿ ಫಲವಿಲ್ಲ. ತಾನು ಅಧಿಕಾರ ವಹಿಸಿಕೊಂಡಾಗ ಒಂದೊಂದನ್ನೂ ಎಣಿಸಿ ಒಪ್ಪಿಸಿದ್ದರೆ ಅವನು ಧೈರ್ಯವಾಗಿ ಬಾಗಿಲು ತೆರೆಯುತ್ತಿದ್ದನು. ಮುಚ್ಚಿದ ಪೆಟ್ಟಿಗೆಯನ್ನೇ ಅವನ ತಲೆಯ ಮೇಲೆ ಹೊರಿಸಿರುವಾಗ ಅವನಿಗೆ ಮುದ್ರೆಯನ್ನು ಕಾಯುವುದೊಂದೇ ಉಪಾಯ. ಭಾರತದ ಮಹಾಲೇಖಪಾಲರು ೨೦೧೩ರಲ್ಲಿ ಮಂಡಿಸಿದ ವರದಿಯಲ್ಲಿ, ತಾವು ಪರಿಶೀಲಿಸಿದ ೧೬೫೫ ಸಂರಕ್ಷಿತ ಸ್ಮಾರಕಗಳಲ್ಲಿ ೯೨ ಕಾಣದಾಗಿವೆಯೆಂದು ತಿಳಿಸಿದರು. ವಸ್ತುಸಂಗ್ರಹಾಲಯಗಳಲ್ಲಿ ನೋಂದಣಿಯೂ ಕಾಲಕಾಲದ ತನಿಖೆಯೂ ಸಮರ್ಪಕವಾಗಿಲ್ಲವೆಂದು ಅದೇ ವರದಿ ಆಕ್ಷೇಪಿಸಿತು. ನೆಲದಲ್ಲಿ ಬೇರೂರಿ ನಿಂತ ಕಟ್ಟಡಗಳೇ ಲೆಕ್ಕ ತಪ್ಪಬಹುದಾದರೆ ಕಂಕುಳಲ್ಲಿ ಹಿಡಿಯುವಷ್ಟರ ಚಿತ್ರಪಟದ ಮಾತೇನು! ಆ ಬಳಿಕ ಪುಣೆಯ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ 'ಜತನ್' ಎಂಬ ಗಣಕವ್ಯವಸ್ಥೆಯ ಮೂಲಕ ರಾಷ್ಟ್ರೀಯ ಸಂಗ್ರಹಾಲಯಗಳು ತಮ್ಮ ವಸ್ತುಗಳ ವಿವರವನ್ನು ದಾಖಲಿಸತೊಡಗಿದವು. ಒಳ್ಳೆಯ ಕೆಲಸ. ಆದರೆ ಗಣಕಕ್ಕೆ ಊಡಿಸುವ ಮೊದಲು ವಸ್ತುವಿನ ಮುಂದೆ ಒಬ್ಬನು ಅಳತೆಪಟ್ಟಿ ಹಿಡಿದು ನಿಲ್ಲಲೇಬೇಕು.

ವೆಂಕಟಪ್ಪ ಚಿತ್ರಶಾಲೆಯ ವಿಷಯದಲ್ಲಿ ೨೦೧೫ ಮತ್ತು ೨೦೧೬ರಲ್ಲಿ ಎದ್ದ ವಿವಾದವನ್ನು ಇಲ್ಲಿ ಸ್ಮರಿಸಬೇಕು. ಪ್ರವಾಸೀ ತಾಣಗಳನ್ನು ಖಾಸಗಿಯವರು ದತ್ತು ತೆಗೆದುಕೊಳ್ಳಬಹುದೆಂಬ ಯೋಜನೆಯ ಅನ್ವಯ ಸರಕಾರವು ಈ ಚಿತ್ರಶಾಲೆಯ ಅಭಿವೃದ್ಧಿಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಒಡಂಬಡಿಕೆ ಮಾಡಿಕೊಂಡಿತು. ಕಟ್ಟಡ ಹಳತಾಗಿದೆ, ಸರಕಾರದಲ್ಲಿ ಹಣವೂ ತಜ್ಞರೂ ಸಾಲರು, ಸಮರ್ಥರು ಮುಂದೆ ಬಂದಾಗ ಬೇಡವೆನ್ನುವುದೇಕೆ ಎಂಬುದು ಒಂದು ಪಕ್ಷದ ವಾದ. ಬೆಂಗಳೂರಿನ ಕಲಾವಿದರು ಇದನ್ನು ಒಪ್ಪಲಿಲ್ಲ. ಸಾರ್ವಜನಿಕರ ಸೊತ್ತನ್ನು ಅವರನ್ನು ಕೇಳದೆ ಒಪ್ಪಿಸುವುದು ಸಲ್ಲದೆಂದೂ, ನಾಡಿನ ಸಾಮಾನ್ಯ ಕಲಾವಿದನಿಗೆ ಇದ್ದ ಒಂದು ಅಂಗಳವೂ ಕೈತಪ್ಪುವುದೆಂದೂ ಹಾಡು, ನಾಟಕ, ಚಿತ್ರಗಳ ಮೂಲಕವೇ ತಿಂಗಳುಗಟ್ಟಲೆ ಪ್ರತಿಭಟಿಸಿದರು. ಆ ಯೋಜನೆ ಕೈಗೂಡಲಿಲ್ಲ.

ನಾನು ಎರಡು ಪಕ್ಷಗಳ ಮಾತನ್ನೂ ಆಲಿಸಿದವನು. ದಾನಿಗಳ ನೆರವಿನಿಂದ ನಡೆಯುವ ವಿದ್ಯಾಸಂಸ್ಥೆಯ ಸ್ಮರಣಸಂಚಿಕೆಯಲ್ಲಿ ದಾನಿಗಳ ಔದಾರ್ಯವನ್ನು ಶಂಕಿಸುವುದು ಉಚಿತವೂ ಅಲ್ಲ, ನನ್ನ ಅಭಿಪ್ರಾಯವೂ ಅಲ್ಲ. ಆದರೆ ಶಾಸ್ತ್ರದ ಮಾತೊಂದು ಇಲ್ಲಿ ವಿಚಾರಯೋಗ್ಯವಾಗಿದೆ. ಒಪ್ಪಿಸಿಕೊಂಡ ವಸ್ತುವು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಅದನ್ನು ಇರಿಸಿಕೊಂಡವನು ತೆರಬೇಕಾಗಿಲ್ಲ ಎನ್ನುತ್ತಾನೆ ಯಾಜ್ಞವಲ್ಕ್ಯ. ಅದೇ ವಸ್ತುವನ್ನು ಸ್ವೇಚ್ಛೆಯಿಂದ ಬಳಸಿ ಜೀವಿಸಿದರೆ ಅವನು ದಂಡಾರ್ಹನು, ಮೇಲಾಗಿ ವಸ್ತುವನ್ನು ಬಡ್ಡಿಸಹಿತ ಕೊಡಬೇಕು. ಮೊದಲನೆಯ ನಿಯಮ ನಮ್ಮ ಪ್ರಸಂಗದಲ್ಲಿ ಸ್ವಲ್ಪ ಪೇಚಿಗೆ ಸಿಲುಕುತ್ತದೆ; ಇರಿಸಿಕೊಂಡವನೇ ರಾಜನಾಗಿರುವಾಗ ರಾಜನಿಂದಾದ ನಷ್ಟಕ್ಕೆ ವಿನಾಯಿತಿ ಕೇಳುವುದು ಹೇಗೆ? ಎರಡನೆಯದು ನೇರವಾಗಿ ಅನ್ವಯಿಸುತ್ತದೆ. ನಿಕ್ಷೇಪವನ್ನು ಪಾಲಿಸುವವನು ನೆರೆಯವನ ಸಹಾಯವನ್ನು ಪಡೆಯಬಹುದು; ಮಾಡು ಸೋರಿದರೆ ಹೆಂಚು ಹೊದಿಸಲು ಹಣ ಪಡೆಯಬಹುದು. ನಿಕ್ಷೇಪವನ್ನೇ ಅವನ ಕೈಗೆ ದಾಟಿಸಬೇಕಾದರೆ ಒಡೆಯನ ಒಪ್ಪಿಗೆ ಬೇಕು, ಒಪ್ಪಿಗೆಗೂ ಮೊದಲು ಎಣಿಕೆಯಾಗಬೇಕು. ಇಷ್ಟೇ ಕೃತಿಗಳು, ಇಂಥ ಸ್ಥಿತಿಯಲ್ಲಿ, ಇಷ್ಟು ವರ್ಷಕ್ಕೆ, ಇಂಥ ನಿಬಂಧನೆಗಳೊಡನೆ ಎಂಬ ಪಟ್ಟಿಯನ್ನು ಮೊದಲು ಸಾರ್ವಜನಿಕರ ಮುಂದಿಟ್ಟಿದ್ದರೆ ಆ ಜಗಳದ ಅರ್ಧಭಾಗವಾದರೂ ಉಳಿಯುತ್ತಿತ್ತೆಂಬುದು ನನ್ನ ಎಣಿಕೆ.

ಪಟ್ಟಿಯಿಲ್ಲದೆ ಒಡೆಯರು ತೀರಿಕೊಂಡಾಗ ಏನಾಗಬಹುದೆಂಬುದನ್ನು ತಾತಗುಣಿಯ ವೃತ್ತಾಂತದ ಜೊತೆಯಲ್ಲಿ ಯೋಚಿಸಬೇಕು. ರಷ್ಯಾ ದೇಶದ ಮಹಾಚಿತ್ರಕಾರ ನಿಕೋಲಸ್ ರೋರಿಕರ ಪುತ್ರ ಸ್ವೆತೊಸ್ಲಾವ್ ರೋರಿಕರೂ ಅವರ ಪತ್ನಿ, ಖ್ಯಾತ ಚಲಚ್ಚಿತ್ರ ನಟಿ ದೇವಿಕಾರಾಣಿಯವರೂ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯ ವಿಶಾಲವಾದ ತೋಟದಲ್ಲಿ ನೆಲಸಿದ್ದರು. ಜೀವಿತಕಾಲದಲ್ಲಿ ರೋರಿಕರು ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಉದಾರವಾಗಿ ಕೊಟ್ಟ ಕೃತಿಗಳು ಇಂದಿಗೂ ಅಲ್ಲಿ ಪ್ರತ್ಯೇಕ ಶಾಲೆಯಲ್ಲಿ ನೋಡುಗರಿಗೆ ದೊರೆಯುತ್ತವೆ. ೧೯೯೩ರಲ್ಲಿ ಅವರೂ ೧೯೯೪ರಲ್ಲಿ ದೇವಿಕಾರಾಣಿಯವರೂ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಯ ಬಗೆಗೆ ವಿವಾದಗಳೆದ್ದವು. ರಾಜ್ಯಸರಕಾರವು ೧೯೯೬ರಲ್ಲಿ ಕಾಯಿದೆಯನ್ನೇ ಮಾಡಿ ತೋಟವನ್ನು ಸ್ವಾಧೀನಪಡಿಸಿಕೊಂಡಿತು. ಅದನ್ನು ಪ್ರಶ್ನಿಸಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೂ ಹೋಗಿ ೨೦೧೧ರ ಆಗಸ್ಟಿನಲ್ಲಿ ಸರಕಾರದ ಪರವಾಗಿ ತೀರ್ಮಾನವಾಯಿತು. ನಡುವೆ ಹದಿನೈದು ವರ್ಷಗಳು. ಕೈಯಾರೆ ಎಣಿಸಿ ಕೊಟ್ಟ ಕೃತಿಗಳು ಗೋಡೆಯ ಮೇಲೆ ಜನರ ಕಣ್ಣಿಗೆ ಬೀಳುತ್ತಿದ್ದ ಆ ವರ್ಷಗಳಲ್ಲಿ, ಮನೆಯೂ ತೋಟವೂ ಕಾಗದಪತ್ರಗಳಲ್ಲಿ ಅಲೆಯುತ್ತಿದ್ದವು. ನ್ಯಾಯಾಲಯದ ಕಾಲಮಾನವೇ ಬೇರೆ, ಬಣ್ಣದ ಕಾಲಮಾನವೇ ಬೇರೆ. ಬೂಷ್ಟಿಗೆ ತಡೆಯಾಜ್ಞೆಯನ್ನು ಯಾರೂ ಕೊಡಲಾರರು.

ಕಾನೂನಿನ ವಿಷಯದಲ್ಲಿ ಒಂದೆರಡು ಮಾತು ಸಾಕು. ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆ ೧೯೭೨ರಲ್ಲಿ ಬಂದಿತು. ನೂರು ವರ್ಷ ತುಂಬಿದ ಚಿತ್ರ ಶಿಲ್ಪಾದಿಗಳೂ ಎಪ್ಪತ್ತೈದು ವರ್ಷ ತುಂಬಿದ ಮಹತ್ತ್ವದ ಹಸ್ತಪ್ರತಿಗಳೂ ಅದರ ಪ್ರಕಾರ ಪುರಾವಸ್ತುಗಳು. ಅಷ್ಟು ಹಳತಲ್ಲದಿದ್ದರೂ ದೇಶದಿಂದ ಹೊರಗೆ ಹೋಗಕೂಡದೆಂದು ಕಲಾನಿಧಿಯ ಪಟ್ಟಕ್ಕೆ ಏರಿದ್ದು ಒಂಬತ್ತು ಮಂದಿ ಚಿತ್ರಕಾರರ ಕೃತಿಗಳು. ರವಿವರ್ಮ, ಅವನೀಂದ್ರನಾಥ, ನಂದಲಾಲ ಬಸು, ನಿಕೋಲಸ್ ರೋರಿಕ್ ಮೊದಲಾದವರು ಆ ಸಾಲಿನಲ್ಲಿದ್ದಾರೆ. ಗುರು ಇದ್ದಾರೆ, ಸಹಪಾಠಿ ಇದ್ದಾರೆ. ನಮ್ಮ ವೆಂಕಟಪ್ಪನವರು ಇಲ್ಲ. ಕನ್ನಡಿಗರು ಈ ಬಗೆಗೆ ದನಿಯೆತ್ತಿದ್ದು ಕಡಿಮೆ. ಇರಲಿ, ಅವರ ಕಲಕತ್ತೆಯ ಕಾಲದ ಕೃತಿಗಳು ಈಗ ನೂರು ವರ್ಷಗಳನ್ನು ದಾಟಿ ತಮ್ಮ ವಯಸ್ಸಿನ ಬಲದಿಂದಲೇ ಪುರಾವಸ್ತುಗಳಾಗಿವೆ.

ಈ ವಿಚಾರವನ್ನು ನಮ್ಮ ಸೀಮೆಗೆ ತಂದುಕೊಂಡರೆ ಇನ್ನೊಂದು ಕಷ್ಟ ಗೋಚರಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯು ೧೭೯೯ರಿಂದ ಮದರಾಸಿನವರ ಆಡಳಿತದಲ್ಲಿತ್ತು. ೧೮೬೨ರಲ್ಲಿ ಮುಂಬಯಿಗೆ ಸೇರಿತು. ೧೯೫೬ರಲ್ಲಿ ಏಕೀಕೃತ ರಾಜ್ಯಕ್ಕೆ ಬಂದಿತು. ಹಳೆಯ ಮೈಸೂರಿನಲ್ಲಿ ಬಿ. ಎಲ್. ರೈಸ್ ಅವರು ಊರೂರು ತಿರುಗಿ ಶಾಸನಗಳನ್ನು ತಾಲೂಕುವಾರು ಪಟ್ಟಿಮಾಡಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರಡಿಸಿದಂತಹ ಒಂದೇ ಸೂತ್ರದ ಎಣಿಕೆ ನಮ್ಮ ಭಾಗಕ್ಕೆ ಒದಗಲಿಲ್ಲ. ೧೯೩೯ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಆರ್. ಎಸ್. ಪಂಚಮುಖಿಯವರ ನೇತೃತ್ವದಲ್ಲಿ ಕೆಲಸ ಚುರುಕಾಯಿತು. ಹೀಗೆ ನಮ್ಮ ಊರುಗಳ ವೀರಗಲ್ಲು, ಮಾಸ್ತಿಗಲ್ಲು, ಮೂರ್ತಿಗಳ ವಿವರ ಮೂರು ಸರಕಾರಗಳ ಕಡತಗಳಲ್ಲಿ ಹಂಚಿಹೋಗಿದೆ. ಕಡತದಲ್ಲಿ ಸೇರದೆ ಬೇಣದಲ್ಲೋ ಕೆರೆಯ ಏರಿಯ ಮೇಲೋ ಮಲಗಿರುವ ಕಲ್ಲುಗಳಿಗಂತೂ ಯಾರ ಪಾಲನೆಯೂ ಇಲ್ಲ. ಮಳೆಯೇ ಅವುಗಳ ಪರಿಚಾರಕ, ಪಾಚಿಯೇ ಅವುಗಳ ಹೊದಿಕೆ.

ಆದರೂ ಎಣಿಕೆಯ ಆದರ್ಶವನ್ನು ಬೇರೆಡೆಯಿಂದ ತರಬೇಕಾದ ಅಗತ್ಯ ನಮಗಿಲ್ಲ. ಶಿರಸಿ ತಾಲೂಕಿನದೇ ಆದ ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದ ಐದು ಹೆಡೆಯ ನಾಗಶಿಲೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕದಂಬರಿಗೂ ಹಿಂದಿನ ಚುಟು ವಂಶದ ಕಾಲದ್ದು ಅದು. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಒಂದು ಬರೆಹವಿದೆ. ಸಾತಕರ್ಣಿಯೆಂಬ ಅರಸನ ಆಳ್ವಿಕೆಯ ಇಂಥ ವರ್ಷದಲ್ಲಿ, ಅರಸನ ಮಗಳು, ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದಳೆಂದೂ ಈ ನಾಗವನ್ನು ಜಯಂತಿಯ ಆಚಾರ್ಯನೊಬ್ಬನ ಶಿಷ್ಯನಾದ ನಟಕನೆಂಬವನು ಕಡೆದನೆಂದೂ ಅದು ತಿಳಿಸುತ್ತದೆ. ದಾನಿ ಯಾರು, ವಸ್ತು ಯಾವುದು, ಕಾಲ ಎಂದು, ಕರ್ತೃ ಯಾರು: ಪ್ರವೇಶಪಂಜಿಯ ನಾಲ್ಕು ಮುಖ್ಯ ಅಂಕಣಗಳೂ ಕಲ್ಲಿನ ಮೇಲೆಯೇ ಭರ್ತಿಯಾಗಿವೆ. ಕೆರೆಯ ಮಾತು 'ಈ ಕೆರೆ' ಎಂದು ಬೆರಳಿಟ್ಟು ತೋರಿಸುವಂತಿಲ್ಲ, ವಿಹಾರ ಉಳಿದಿಲ್ಲ. ಬರೆಹವನ್ನು ಮೈಮೇಲೆ ಹೊತ್ತ ನಾಗ ಮಾತ್ರ ಇನ್ನೂ ನಮ್ಮೆದುರಿಗಿದೆ, ನಟಕನ ಹೆಸರೂ ಉಳಿದಿದೆ. ನಮ್ಮ ನಾಡಿನ ಎಷ್ಟೋ ಮಹಾಶಿಲ್ಪಗಳ ಕರ್ತೃಗಳು ಅನಾಮಧೇಯರಾಗಿರುವಾಗ ಇದು ಸಾಮಾನ್ಯ ಸಂಗತಿಯಲ್ಲ.

ಶಾಸನಗಳ ಕೊನೆಗೆ ಬರುವ ಶಾಪಾಶಯದ ಶ್ಲೋಕಗಳು ನಮ್ಮ ದಾನಿಗಳಿಗೂ ಪರಿಚಿತವೇ. ದಾನ ಮಾಡುವುದು, ಇತರರು ಮಾಡಿದ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮಿಗಿಲೆಂಬ ಅರ್ಥದ ಶ್ಲೋಕವೊಂದು ನೂರಾರು ಶಾಸನಗಳಲ್ಲಿ ಮರುಕಳಿಸುತ್ತದೆ. ಹೊಸದಾಗಿ ಕಟ್ಟಿದ್ದಕ್ಕೆ ಶಿಲಾಫಲಕವಿದೆ, ಹಳೆಯದನ್ನು ಕಾಪಾಡಿದ್ದಕ್ಕೆ ಫಲಕವಿಲ್ಲ. ಹೀಗಾಗಿ ಕೊಡುವ ಕೈಗಳು ಸಹಜವಾಗಿ ಕಟ್ಟಡದ ಕಡೆಗೆ ಹರಿಯುತ್ತವೆ. ಗೋಡೆಯ ತೇವವನ್ನು ನಿಲ್ಲಿಸಲು, ಚಿತ್ರದ ಹಿಂದಿನ ಆಮ್ಲದ ರಟ್ಟನ್ನು ತೆಗೆದು ಶುದ್ಧವಾದ ಕಾಗದವನ್ನು ಇಡಿಸಲು, ಛಾಯಾಚಿತ್ರಸಹಿತ ಪಟ್ಟಿಯನ್ನು ಅಚ್ಚುಹಾಕಿಸಲು ಬೇಕಾಗುವ ಹಣ ಒಂದು ಹೊಸ ಮಹಾದ್ವಾರದ ವೆಚ್ಚಕ್ಕಿಂತ ಎಷ್ಟೋ ಕಡಿಮೆ. ತಜ್ಞರ ಸಲಹೆಗೆ ದೂರ ಹೋಗಬೇಕಾಗಿಯೂ ಇಲ್ಲ. ೧೯೭೬ರಲ್ಲಿ ಲಕ್ನೋದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿಯೇ ಇದೆ. ತಜ್ಞರನ್ನು ಕೇಳದೆ ಹಳೆಯ ವರ್ಣಚಿತ್ರಕ್ಕೆ ವಾರ್ನಿಷು ಬಳಿಯುವ, ಕಲ್ಲಿನ ಮೂರ್ತಿಗೆ ಎಣ್ಣೆಬಣ್ಣ ಹೊಡೆಯುವ ಉತ್ಸಾಹವನ್ನು ಮಾತ್ರ ದಯವಿಟ್ಟು ತಡೆಹಿಡಿಯಬೇಕು. ನಿರ್ಲಕ್ಷ್ಯದಿಂದ ಹಾಳಾದವುಗಳಷ್ಟೇ ಭಕ್ತಿಯಿಂದ ಹಾಳಾದವೂ ನಮ್ಮ ನಾಡಿನಲ್ಲಿವೆ.

ಶಿಕ್ಷಕಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ನಮ್ಮ ಮಠಗಳಲ್ಲಿ ತಾಳೆಗರಿಯ ಕಟ್ಟುಗಳಿವೆ, ಶಾಲೆಗಳ ಸಭಾಗೃಹಗಳಲ್ಲಿ ಪೂಜ್ಯರ ಮತ್ತು ಮಹಾದಾನಿಗಳ ತೈಲಚಿತ್ರಗಳಿವೆ, ಊರ ಸುತ್ತ ವೀರಗಲ್ಲುಗಳಿವೆ. ಮೊದಲಿನವು ಸರಕಾರದ ಸೊತ್ತಲ್ಲದಿರಬಹುದು, ಸಾರ್ವಜನಿಕ ನಿಕ್ಷೇಪಗಳಂತೂ ಹೌದು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಮನೆಮನೆಯಿಂದ ಕಲೆಹಾಕಿ ಅಚ್ಚಿಗೆ ತರದಿದ್ದರೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ಶಿಕ್ಷಕರ ಕೈಯಲ್ಲಿರುವ ಫೋನಿನ ಕ್ಯಾಮರಾ ಇವಿಷ್ಟನ್ನು ಕೊಟ್ಟು ವಾನಳ್ಳಿಯಂಥ ಒಂದೊಂದು ಊರಿನ ಕಲ್ಲುಗಳನ್ನು ಪಟ್ಟಿಮಾಡಿಸಬಹುದು. ಕಲ್ಲನ್ನು ಕದಲಿಸಕೂಡದು, ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಕೂಡದು, ಕುಂಕುಮ ಎಣ್ಣೆಗಳನ್ನು ಕೆರೆದು ತೆಗೆಯಕೂಡದು; ಇದ್ದುದನ್ನು ಇದ್ದಲ್ಲಿ ಇದ್ದ ಹಾಗೆ ಬರೆದುಕೊಂಡರೆ ಸಾಕು. ಯಾವ ಊರು, ಯಾವ ಗದ್ದೆಯ ಬದು, ಎಷ್ಟು ಉದ್ದಗಲ, ಎಷ್ಟು ಸಾಲುಗಳ ಬರೆಹ, ಕೆತ್ತನೆಯಲ್ಲಿ ಏನೇನಿದೆ, ಒಡಕು ಎಲ್ಲಿದೆ. ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಗ್ರಾಮಪಂಚಾಯತಿಯಲ್ಲಿ, ಮತ್ತೊಂದು ಪುರಾತತ್ತ್ವ ಇಲಾಖೆಯಲ್ಲಿ ಇರಲಿ. ಮುಂಗಾರಿನಲ್ಲಿ ಈ ಕೆಲಸ ಸಾಗದು. ಜಿಗಣೆಗಳ ಕಾಟವೂ ಇದೆ. ದೀಪಾವಳಿ ಕಳೆದು ಕೊಯ್ಲಾಗಿ ಗದ್ದೆಗಳು ತೆರೆದುಕೊಂಡಾಗ, ಇಳಿಹೊತ್ತಿನ ಓರೆಬಿಸಿಲಿನಲ್ಲಿ ಸವೆದ ಅಕ್ಷರಗಳು ಚೆನ್ನಾಗಿ ಕಾಣುತ್ತವೆ.